ಕಾರವಾರದ ಕೊಲ್ಲಿಯಲ್ಲಿ ಊರಿನ ಜೀವಿ ಯಾವುದು, ಹಡಗು ಹತ್ತಿ ಬಂದದ್ದು ಯಾವುದು?

14 ಸೆಂ.ಮೀ. ಚೌಕದ ಒಂದು ಪಿವಿಸಿ ಹಲಗೆಯನ್ನು ಮಳೆಗಾಲ ಮುಗಿದ ಮೇಲೆ ಕಾರವಾರದ ಬಂದರು ಇರುವ ಬೈತಖೋಲದ ಧಕ್ಕೆಯಿಂದ ನೀರಿಗೆ ಇಳಿಬಿಡಿ. ಮೊದಲ ದಿನವೇ ಅದಕ್ಕೆ ಬ್ಯಾಕ್ಟೀರಿಯಾ ಮತ್ತು ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ತೆಳು ಲೋಳೆ ಹತ್ತುತ್ತದೆ. ಕೆಲವು ದಿನಗಳಲ್ಲಿ ಬಾರ್ನಕಲ್‌ಗಳ, ಅಂದರೆ ಸುಣ್ಣದ ಗೂಡು ಕಟ್ಟಿ ಅಂಟಿಕೊಳ್ಳುವ ಜೀವಿಗಳ, ಬಿಳಿ ಚುಕ್ಕೆಗಳು ಏಳುತ್ತವೆ. ತಿಂಗಳೊಪ್ಪತ್ತಿನಲ್ಲಿ ಸುಣ್ಣದ ಕೊಳವೆ ಕಟ್ಟುವ ಹುಳುಗಳು, ಕಸೂತಿಯಂತೆ ಹಬ್ಬುವ ಬ್ರಯೊಜೋವಾ, ಮುಟ್ಟಿದರೆ ನೀರು ಚಿಮ್ಮುವ ಅಸಿಡಿಯನ್‌ಗಳು, ಕಲ್ಗದ (ಬಂಡೆಗೆ ಅಂಟುವ ಸಿಂಪಿಯ) ಮರಿಗಳು ಬಂದು ಕೂರುತ್ತವೆ. ಮೂರು ತಿಂಗಳಾದರೆ ಹಲಗೆಯ ಬಣ್ಣ ಹುಡುಕಬೇಕಾಗುತ್ತದೆ.

ಇವುಗಳಲ್ಲಿ ಯಾವುದು ಈ ಕೊಲ್ಲಿಯದೇ, ಯಾವುದು ದೂರದ ಕಡಲಿನಿಂದ ಬಂದದ್ದು ಎಂಬ ಪ್ರಶ್ನೆ ಕೇಳಲು ಸುಲಭ, ಉತ್ತರಿಸಲು ಕಷ್ಟ. ಆದರೂ ಕರಾವಳಿಯ ಕಾಲೇಜು ವಿದ್ಯಾರ್ಥಿಗಳು ಇದನ್ನು ಕೈಗೆತ್ತಿಕೊಳ್ಳಬಹುದು, ಕೈಗೆತ್ತಿಕೊಳ್ಳಬೇಕು. ಬೇಕಾಗುವ ಸಾಮಾನು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಹೆಸರು ಗುರುತಿಸುವಲ್ಲಿ ನೆರವು ಬೇಕಾದರೆ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವೂ, ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಶಾಖೆಯೂ ಕಾರವಾರದಲ್ಲೇ ಇವೆ. ಕಡಲಿನ ವಿಚಾರದಲ್ಲಿ ಇಷ್ಟು ಅನುಕೂಲ ಇರುವ ಊರು ರಾಜ್ಯದಲ್ಲಿ ವಿರಳ.

ಮೊದಲು ನಾಲ್ಕು ಮಾತುಗಳನ್ನು ಬೇರ್ಪಡಿಸಿಕೊಳ್ಳಬೇಕು. ಮನುಷ್ಯನ ನೆರವಿಲ್ಲದೆ ಒಂದು ಕಡೆ ನೆಲೆನಿಂತದ್ದು ಸ್ಥಳೀಯ ಜೀವಿ. ಹಡಗಿನಲ್ಲೋ, ಸಾಕಣೆಗೆಂದೋ, ಅಕ್ವೇರಿಯಂ ವ್ಯಾಪಾರದಲ್ಲೋ ಮನುಷ್ಯನ ಮೂಲಕ ಬಂದದ್ದು ಅನ್ಯ ಜೀವಿ. ಬಂದವುಗಳಲ್ಲಿ ಬಹುಪಾಲು ಸಾಯುತ್ತವೆ, ಕೆಲವು ಸುಮ್ಮನೆ ಒಂದು ಮೂಲೆಯಲ್ಲಿ ಬದುಕಿಕೊಂಡಿರುತ್ತವೆ. ಹಾಗೆ ಉಳಿಯದೆ ಹಬ್ಬಿ, ಇದ್ದವನ್ನು ಒತ್ತರಿಸಿ, ಮೀನುಗಾರಿಕೆಗೋ ಬಂದರಿಗೋ ಹಾನಿ ಮಾಡುವುದು ಮಾತ್ರ ಆಕ್ರಮಣಕಾರಿ. ನಾಲ್ಕನೆಯದನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ: ಸ್ಥಳೀಯವೋ ಅನ್ಯವೋ ಹೇಳಲಾಗದ, ಮೂಲ ತಿಳಿಯದ ಜೀವಿ. ಅಮೆರಿಕದ ಜೇಮ್ಸ್ ಕಾರ್ಲ್‌ಟನ್ 1996ರಲ್ಲಿ ಈ ವರ್ಗಕ್ಕೆ ಪ್ರತ್ಯೇಕ ಹೆಸರನ್ನೇ ಕೊಟ್ಟರು. ಶತಮಾನಗಳಿಂದ ಮರದ ಹಡಗುಗಳು ಓಡಾಡಿದ ಅರಬ್ಬೀ ಸಮುದ್ರದಲ್ಲಿ, ಜೀವಿಗಳ ಪಟ್ಟಿ ಮಾಡುವವರು ಬರುವ ಮೊದಲೇ ಎಷ್ಟೋ ಜೀವಿಗಳು ಅತ್ತಿತ್ತ ಹೋಗಿಬಿಟ್ಟಿವೆ. ನಮ್ಮ ದೋಣಿಗಳ ತಳದಲ್ಲಿ ಗೆರೆಗೆರೆಯಾಗಿ ಕಾಣುವ ಆಂಫಿಬ್ಯಾಲನಸ್ ಆಂಫಿಟ್ರೈಟ್ ಎಂಬ ಬಾರ್ನಕಲ್ ಈಗ ಜಗತ್ತಿನ ಬೆಚ್ಚನೆಯ ಬಂದರುಗಳಲ್ಲೆಲ್ಲ ಇದೆ.

ಆತುರದಿಂದ ಹಣೆಪಟ್ಟಿ ಹಚ್ಚಿದರೆ ಏನಾಗುತ್ತದೆ ಎನ್ನುವುದಕ್ಕೆ ಕ್ಯಾರಿಜೋವಾ ರೀಸೈ ಎಂಬ ಬಿಳಿ ಹೂಗಳ ಮೃದು ಹವಳ ಒಳ್ಳೆಯ ಉದಾಹರಣೆ. ಅದನ್ನು ಮೊದಲು ವರ್ಣಿಸಿದ್ದು ಕೆರಿಬಿಯನ್ ಕಡಲಿನಿಂದ. ಹಾಗಾಗಿ ಹವಾಯಿಯಲ್ಲಿ, ಭಾರತದಲ್ಲಿ ಕಂಡಾಗಲೆಲ್ಲ ಕೆರಿಬಿಯನ್‌ನಿಂದ ಬಂದ ಆಕ್ರಮಣಕಾರಿ ಎಂದು ಬರೆದರು. ಆಮೇಲೆ ಡಿಎನ್‌ಎ ಹೋಲಿಸಿ ನೋಡಿದಾಗ ಅದರ ತವರು ಹಿಂದೂ ಮಹಾಸಾಗರ–ಪೆಸಿಫಿಕ್ ಭಾಗವೇ ಇರಬೇಕೆಂಬ ಸೂಚನೆ ಸಿಕ್ಕಿತು. ಮೊದಲು ಕಂಡ ಜಾಗವೇ ತವರಾಗಬೇಕಿಲ್ಲ.

ತಿರುಗುಮುರುಗಾದ ಉದಾಹರಣೆ ನಮ್ಮ ಅಡುಗೆಮನೆಯಲ್ಲೇ ಇದೆ. ಕಾರವಾರದಿಂದ ಭಟ್ಕಳದವರೆಗೆ ಜನ ಬಂಡೆಯಿಂದ ಕಿತ್ತು ತರುವ ನೀಲಿಕಲ್ಲು, ಅಂದರೆ ಪಚ್ಚಿಲೆ, ವಿಜ್ಞಾನದ ಹೆಸರಲ್ಲಿ ಪರ್ನಾ ವಿರಿಡಿಸ್, ಇಲ್ಲಿ ಸ್ಥಳೀಯ. ಅದೇ ಪಚ್ಚಿಲೆ 1999ರಲ್ಲಿ ಫ್ಲಾರಿಡಾದ ಟ್ಯಾಂಪಾ ಕೊಲ್ಲಿಯಲ್ಲಿ ವಿದ್ಯುತ್ ಸ್ಥಾವರದ ತಂಪುನೀರಿನ ಕೊಳವೆಗಳಲ್ಲಿ ಕಟ್ಟಿಕೊಂಡಿತ್ತು. ಅಲ್ಲಿ ಅದು ಆಕ್ರಮಣಕಾರಿ. ಆಕ್ರಮಣ ಎಂಬುದು ಜೀವಿಯ ಹುಟ್ಟುಗುಣವಲ್ಲ, ಜೀವಿ ಮತ್ತು ಜಾಗದ ನಡುವಿನ ಸಂಬಂಧ.

ಬರುವುದು ಹೇಗೆ

ಮುಖ್ಯವಾಗಿ ಎರಡು ದಾರಿ. ಒಂದು ಹಡಗಿನ ಹೊಟ್ಟೆಯ ನೀರು, ಇನ್ನೊಂದು ಹಡಗಿನ ತಳ.

ಸರಕಿಲ್ಲದ ಹಡಗು ನೀರಿನ ಮೇಲೆ ತೇಲಾಡಿ ಸಮತೋಲ ತಪ್ಪದಿರಲಿ ಎಂದು ತೊಟ್ಟಿಗಳಲ್ಲಿ ಸಮುದ್ರದ ನೀರು ತುಂಬಿಕೊಳ್ಳುತ್ತದೆ. ಇದೇ ಬ್ಯಾಲಸ್ಟ್ ನೀರು. ಸರಕು ತುಂಬುವಾಗ ಅದನ್ನು ಹೊರಗೆ ಬಿಡುತ್ತದೆ. ನೀರಿನೊಂದಿಗೆ ಚಿಪ್ಪುಜೀವಿಗಳ, ಏಡಿಗಳ, ಹುಳುಗಳ ಲಾರ್ವಾಗಳೂ, ಅಂದರೆ ತೇಲುವ ಎಳೆ ಮರಿಗಳೂ ಬರುತ್ತವೆ. ಪಚ್ಚಿಲೆಯ ಜಾತಿಯ ಲಾರ್ವಾ ನೀರಿನಲ್ಲಿ ಎರಡು–ಮೂರು ವಾರ ತೇಲುತ್ತ ಬದುಕಬಲ್ಲದು, ಒಂದು ಸಾಗರಯಾನಕ್ಕೆ ಅಷ್ಟು ಸಾಕು. ಇಲ್ಲಿ ಗಮನಿಸಬೇಕಾದ ಅಂಶ: ಅಪಾಯ ಹೆಚ್ಚು ಇರುವುದು ಸರಕು ಇಳಿಸುವ ಬಂದರಿಗಲ್ಲ, ಸರಕು ಏರಿಸುವ ಬಂದರಿಗೆ. ಕಬ್ಬಿಣದ ಅದಿರು ಒಯ್ಯಲು ಬರುವ ಹಡಗು ಖಾಲಿ ಬರುತ್ತದೆ, ಅಂದರೆ ಬೇರೆ ಬಂದರಿನ ನೀರು ಹೊತ್ತು ಬರುತ್ತದೆ. ಕರ್ನಾಟಕ ಸರ್ಕಾರ 2010ರ ಜುಲೈನಲ್ಲಿ ತನ್ನ ಬಂದರುಗಳಿಂದ ಅದಿರು ರಫ್ತು ನಿಲ್ಲಿಸುವವರೆಗೆ ಕಾರವಾರ, ಬೇಲೆಕೇರಿಗೆ ಅಂಥ ಹಡಗುಗಳು ಬರುತ್ತಿದ್ದವು. ಡಾಂಬರು, ತೈಲ ಇಳಿಸಲು ಬರುವ ಹಡಗಿನ ಲೆಕ್ಕ ಬೇರೆ. ಅದು ಇಲ್ಲಿ ನೀರು ತುಂಬಿಕೊಂಡು ಹೋಗುತ್ತದೆ, ನಮ್ಮ ಜೀವಿಗಳನ್ನು ಇನ್ನೊಂದೆಡೆಗೆ ಒಯ್ಯುತ್ತದೆ. ಹಾಗಾಗಿ ಒಂದು ಬಂದರಿನ ಅಪಾಯ ಅಳೆಯಲು ಎಷ್ಟು ಹಡಗು ಬಂದವು ಎಂಬುದಷ್ಟೇ ಸಾಲದು, ಖಾಲಿ ಬಂದವೋ ತುಂಬಿ ಬಂದವೋ ಎಂಬುದೂ ಗೊತ್ತಿರಬೇಕು.

ಬ್ಯಾಲಸ್ಟ್ ನೀರಿನ ಅಂತರರಾಷ್ಟ್ರೀಯ ಒಪ್ಪಂದ 2004ರಲ್ಲಿ ರೂಪುಗೊಂಡು 2017ರ ಸೆಪ್ಟೆಂಬರ್ 8ರಂದು ಜಾರಿಗೆ ಬಂತು. ಅದರ ಮಾನದಂಡದ ಪ್ರಕಾರ ಹೊರಬಿಡುವ 1 ಘನ ಮೀಟರ್ ನೀರಿನಲ್ಲಿ 50 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಜೀವಂತ ಜೀವಿಗಳು 10ಕ್ಕಿಂತ ಕಡಿಮೆ ಇರಬೇಕು. ಇದು ತೊಟ್ಟಿಯ ನೀರಿನ ಮಾತಾಯಿತು. ಹಡಗಿನ ತಳಕ್ಕೆ ಅಂಟಿ ಬರುವ ಜೀವಿಗಳಿಗೆ ಈ ಒಪ್ಪಂದ ಅನ್ವಯಿಸುವುದಿಲ್ಲ.

ತಳದ ವಿಚಾರದಲ್ಲಿ ದೊಡ್ಡ ಹಡಗಿನಷ್ಟೇ ನಮ್ಮ ಮೀನುಗಾರಿಕೆ ದೋಣಿಗಳೂ ಮುಖ್ಯ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆ ನಿಷೇಧ. ನೀರಲ್ಲೇ ಕಟ್ಟಿ ಬಿಟ್ಟ ದೋಣಿಗಳ ತಳ ಆಗ ನಿಂತ ಮನೆಯಂತೆ. ಓಡುವ ದೋಣಿಗೆ ಹತ್ತದ ಜೀವಿಯೂ ನಿಂತದ್ದಕ್ಕೆ ಹತ್ತುತ್ತದೆ. ಒಂದು ಬಂದರಿಗೆ ಬಂದ ಅನ್ಯ ಜೀವಿ ಪಕ್ಕದ ಬಂದರಿಗೆ ಹೋಗುವುದು ಹೀಗೆ. ಉದ್ದೇಶಪೂರ್ವಕವಾಗಿ ತಂದದ್ದೂ ಕೈಮೀರಬಹುದು. ತಮಿಳುನಾಡಿನ ಮಂಡಪಂ ಕಡಲಲ್ಲಿ ಬೆಳೆಸಲು ತಂದ ಕಪ್ಪಾಫೈಕಸ್ ಎಂಬ ಕಡಲಕಳೆ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳಗಳ ಮೇಲೆ ಹಬ್ಬಿರುವುದು 2008ರಲ್ಲಿ ವರದಿಯಾಯಿತು.

ಎರಡು ಚಿಪ್ಪುಗಳು

ಪಶ್ಚಿಮ ಕರಾವಳಿಯ ವಿದ್ಯಾರ್ಥಿ ಕಣ್ಣಿಟ್ಟು ಹುಡುಕಬೇಕಾದ ಜೀವಿಗಳಲ್ಲಿ ಮೊದಲ ಎರಡು ಇವು.

ಒಂದು ಮೈಟಿಲಾಪ್ಸಿಸ್ ಸ್ಯಾಲೈ. ತವರು ಕೆರಿಬಿಯನ್ ಮತ್ತು ಮಧ್ಯ ಅಮೆರಿಕದ ಅಟ್ಲಾಂಟಿಕ್ ಬದಿ. ಭಾರತದಲ್ಲಿ 1967ರಲ್ಲಿ ವಿಶಾಖಪಟ್ಟಣ ಬಂದರಿನಲ್ಲಿ, ಆಮೇಲೆ ಮುಂಬೈಯಲ್ಲಿ ಕಂಡಿತು. ಉದ್ದ ಹೆಚ್ಚೆಂದರೆ 2.5 ಸೆಂ.ಮೀ. ಆಸುಪಾಸು. ಆದರೆ ಒಂದು ತಿಂಗಳಲ್ಲೇ ಮೊಟ್ಟೆ ಬಿಡುವ ವಯಸ್ಸಿಗೆ ಬರುತ್ತದೆ, ಸಿಹಿನೀರಿಗೆ ಹತ್ತಿರದ ನೀರಿನಿಂದ ಹಿಡಿದು ಸಮುದ್ರಕ್ಕಿಂತ ಉಪ್ಪಾದ ನೀರಿನವರೆಗೆ ತಾಳುತ್ತದೆ. ಇದೇ ಜೀವಿ 1999ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಡಾರ್ವಿನ್‌ನ ಕಲೆನ್ ಬೇ ದೋಣಿ ತಂಗುದಾಣದಲ್ಲಿ ಸಿಕ್ಕಿತು. ಅಲ್ಲಿಯ ಸರ್ಕಾರ ದಿನಗಳೊಳಗೆ ತಂಗುದಾಣಗಳ ಬಾಗಿಲು ಮುಚ್ಚಿ, ಸುಮಾರು 187 ಟನ್ ದ್ರವ ಬ್ಲೀಚ್ ಮತ್ತು 7.5 ಟನ್ ತಾಮ್ರದ ಸಲ್ಫೇಟ್ ಸುರಿಯಿತು. ಮುಚ್ಚಬಹುದಾದ ಬಾಗಿಲು ಇತ್ತು, ಬೇಗ ಕಂಡಿತು, ಅದಕ್ಕೇ ನಿರ್ಮೂಲವಾಯಿತು. ಕಾರವಾರದಂಥ ತೆರೆದ ಕೊಲ್ಲಿಗೆ ಬಾಗಿಲಿಲ್ಲ. ಬೇಗ ಕಾಣುವುದೊಂದೇ ನಮ್ಮ ಕೈಯಲ್ಲಿರುವುದು.

ಎರಡನೆಯದು ಮೈಟೆಲ್ಲಾ ಸ್ಟ್ರೈಗೇಟಾ, ದಕ್ಷಿಣ ಮತ್ತು ಮಧ್ಯ ಅಮೆರಿಕದ್ದು. ಫಿಲಿಪೈನ್ಸ್, ಸಿಂಗಾಪುರಗಳಲ್ಲಿ ಹಬ್ಬಿ, 2018–19ರ ಹೊತ್ತಿಗೆ ಕೇರಳದ ಹಿನ್ನೀರುಗಳಲ್ಲಿ ವರದಿಯಾಯಿತು. ಅಷ್ಟಮುಡಿಯಲ್ಲಿ ಕಂಬ, ಹಗ್ಗ, ಚಿಪ್ಪುಗಳ ಮೇಲೆಲ್ಲ ಹಾಸಿದಂತೆ ಬೆಳೆದು ಪಚ್ಚಿಲೆಯ ಜಾಗ ಹಿಡಿಯಿತು. ಕೇರಳದಿಂದ ಕಾರವಾರಕ್ಕೆ ದೋಣಿಯ ದಾರಿ ದೂರವೇನಲ್ಲ.

ಗುರುತಿಸುವಾಗ ಬಣ್ಣವನ್ನು ನಂಬಿದರೆ ಕೆಟ್ಟಿತು. ಮೈಟೆಲ್ಲಾದಲ್ಲಿ ಕಪ್ಪು, ಕಂದು, ಹಸಿರುಮಿಶ್ರಿತ, ಗೆರೆಯುಳ್ಳ ಎಲ್ಲ ಬಗೆಯೂ ಇರುವುದರಿಂದ ಪಚ್ಚಿಲೆಯ ಮರಿ ಎಂದು ಕೈಬಿಡುವವರೇ ಹೆಚ್ಚು. ಚಿಪ್ಪು ಬಿಚ್ಚಿ ಒಳಗೆ ನೋಡಿ. ಪಚ್ಚಿಲೆಯ ಕೊಕ್ಕು (ಎರಡು ಚಿಪ್ಪು ಕೂಡುವಲ್ಲಿನ ಮೊನೆ) ಚೂಪಾಗಿ ತುದಿಯಲ್ಲೇ ಇರುತ್ತದೆ, ಕೊಕ್ಕಿನ ಬಳಿ ಸ್ನಾಯು ಅಂಟಿದ ಗುರುತು ಇರುವುದಿಲ್ಲ. ಮೈಟೆಲ್ಲಾದಲ್ಲಿ ಅಲ್ಲಿ ಚಿಕ್ಕ ಗುರುತಿರುತ್ತದೆ, ಒಳಮೈ ಸಾಮಾನ್ಯವಾಗಿ ನೇರಳೆ. ಮೈಟಿಲಾಪ್ಸಿಸ್‌ನ ಕೊಕ್ಕಿನ ಒಳಗೆ ಕಪಾಟಿನ ಹಲಗೆಯಂಥ ಒಂದು ಚಿಕ್ಕ ಅಡ್ಡಪಟ್ಟಿ, ಅದರ ಪಕ್ಕ ಹಲ್ಲಿನಂಥ ಮೊನೆ. 10 ಪಟ್ಟು ಹಿಗ್ಗಿಸುವ ಕೈಮಸೂರದಲ್ಲಿ ಇದು ಸ್ಪಷ್ಟ ಕಾಣುತ್ತದೆ, ಪಚ್ಚಿಲೆಯಲ್ಲಿ ಇರುವುದೇ ಇಲ್ಲ. ಹೊರಮೈಯಲ್ಲಿ ಬೀಸಣಿಗೆಯಂತೆ ಏಣುಗಳಿದ್ದರೆ ಅದು ಇವು ಮೂರೂ ಅಲ್ಲ, ಬಹುಶಃ ಬ್ರಾಕಿಡಾಂಟಿಸ್ ಗುಂಪಿನದು. 1 ಸೆಂ.ಮೀ.ಗಿಂತ ಚಿಕ್ಕ ಮರಿಗಳನ್ನು ಕಣ್ಣಂದಾಜಿನಲ್ಲಿ ಹೆಸರಿಸಬೇಡಿ. ‘ಪಚ್ಚಿಲೆ ಜಾತಿ, ಗುರುತಿಸಿಲ್ಲ’ ಎಂದು ಬರೆದರೆ ಅದು ಸರಿಯಾದ ದಾಖಲೆ.

ಕಾಳಿ ನದಿಯ ಜರಡಿ

ಯಾವ ಕೊಲ್ಲಿಯ ಅಧ್ಯಯನವನ್ನಾದರೂ ಅಲ್ಲಿಯ ನೀರಿನ ಸ್ವಭಾವಕ್ಕೆ ಹೊಂದಿಸಬೇಕು. ಬೇರೆ ದೇಶದ ಕೈಪಿಡಿ ನೋಡಿ ‘ಜೂನ್‌ನಿಂದ ಆಗಸ್ಟ್‌ವರೆಗೆ ಹಲಗೆ ಇಳಿಬಿಡಿ’ ಎಂದಷ್ಟೇ ಮಾಡಿದರೆ ಇಲ್ಲಿ ಸಾಲದು. ಕಾಳಿ 184 ಕಿ.ಮೀ. ಹರಿದು ಕಾರವಾರದಲ್ಲಿ ಕಡಲು ಸೇರುತ್ತದೆ. ಬೇಸಿಗೆಯಲ್ಲಿ ಕೊಲ್ಲಿಯ ಉಪ್ಪಿನಂಶ ಸಾವಿರಕ್ಕೆ 34–35ರ ಆಸುಪಾಸು. ಮಳೆಗಾಲದಲ್ಲಿ ನದಿಮುಖದ ಮೇಲುನೀರು ಸಿಹಿನೀರಿಗೆ ಹತ್ತಿರವಾಗುತ್ತದೆ. ಆಗ ಅಸಿಡಿಯನ್, ಬ್ರಯೊಜೋವಾ, ಸ್ಪಂಜುಗಳಂಥ ಸೂಕ್ಷ್ಮ ಜೀವಿಗಳು ಬಹಳಷ್ಟು ಸತ್ತು ಉದುರುತ್ತವೆ. ಕಲ್ಗ ಬಾಯಿ ಮುಚ್ಚಿಕೊಂಡು ಕಾಯುತ್ತದೆ. ಅಕ್ಟೋಬರ್‌ನಲ್ಲಿ ಉಪ್ಪು ಮರಳುವಾಗ ಬಂಡೆ, ಕಂಬಗಳ ಮೇಲೆ ಖಾಲಿ ಜಾಗ ಬೇಕಾದಷ್ಟಿರುತ್ತದೆ, ಮೊದಲು ಬಂದವರಿಗೆ ಮನೆ.

ಪ್ರತಿವರ್ಷದ ಈ ಸಿಹಿನೀರು ಕೊಲ್ಲಿಯ ಜರಡಿ. ಅದನ್ನು ದಾಟಲಾಗದ ಅನ್ಯ ಜೀವಿ ಜನವರಿಯಲ್ಲಿ ಎಷ್ಟೇ ಹಬ್ಬಿದ್ದರೂ ಆಗಸ್ಟ್‌ನಲ್ಲಿ ಹೋಗುತ್ತದೆ. ಮೈಟಿಲಾಪ್ಸಿಸ್‌ನಂಥದ್ದು ಜರಡಿ ದಾಟಿ ಉಳಿದುಕೊಳ್ಳುತ್ತದೆ, ಎದುರಾಳಿಗಳಿಲ್ಲದ ಜಾಗ ಅದಕ್ಕೆ ಸಿಗುತ್ತದೆ. ಇದರ ಜೊತೆಗೆ ಕದ್ರಾ ಅಣೆಕಟ್ಟಿನ ಲೆಕ್ಕವೂ ಇದೆ: ವಿದ್ಯುತ್ತಿಗಾಗಿ ನೀರು ಬಿಟ್ಟ ದಿನ ಬೇಸಿಗೆಯಲ್ಲೂ ಸಿಹಿನೀರು ಕೆಳಗಿಳಿಯುತ್ತದೆ. ಆದ್ದರಿಂದ ಒಂದೇ ಜಾಗದ ಅಧ್ಯಯನ ಇಲ್ಲಿ ಅರ್ಧ ಅಧ್ಯಯನ. ಕನಿಷ್ಠ ಮೂರು ಜಾಗ ಬೇಕು: ಬೈತಖೋಲದ ಬಂದರು, ನದಿಮುಖದ ಕೋಡಿಬಾಗ, ಒಳಗೆ ಸುಂಕೇರಿ–ಕಡವಾಡದ ಕಡೆ ಒಂದು.

ಉಪ್ಪಿನಂಶ ಅಳೆಯಲು ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್ ಸಾಕು. ಪ್ರತಿ ಸಲ ಡಿಸ್ಟಿಲ್ಡ್ ನೀರು ಹಾಕಿ ಸೊನ್ನೆ ತೋರಿಸುತ್ತದೆಯೇ ನೋಡಿಕೊಳ್ಳಿ. ಎಲ್ಲರೂ ಮಾಡುವ ತಪ್ಪು ಬಕೆಟ್ ಇಳಿಬಿಟ್ಟು ಮೇಲುನೀರು ತೆಗೆಯುವುದು. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ಪದರವಾಗಿ ತೇಲುತ್ತದೆ. ಉಪ್ಪಿನಂಶ ಮೇಲೆ ಸಾವಿರಕ್ಕೆ 8 ಇದ್ದರೂ ಒಂದೂವರೆ ಮೀಟರ್ ಕೆಳಗೆ 25 ಇರಬಹುದು. ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಕಟ್ಟಿ, ಹಲಗೆಯ ಆಳಕ್ಕೆ ಇಳಿಸಿ, ಅಲ್ಲಿ ಬಿರಡೆ ಎಳೆದು ನೀರು ತುಂಬಿಸಿ.

ಹಲಗೆ ಇಳಿಬಿಡುವ ಕ್ರಮ

ಅಮೆರಿಕದ ಸ್ಮಿತ್ಸೋನಿಯನ್ ಪರಿಸರ ಸಂಶೋಧನಾ ಕೇಂದ್ರ ಬಳಸುವ ಅಳತೆಯನ್ನೇ ಇಟ್ಟುಕೊಂಡರೆ ಬೇರೆ ಬಂದರುಗಳ ಲೆಕ್ಕದೊಂದಿಗೆ ಹೋಲಿಸಬಹುದು: 14 × 14 ಸೆಂ.ಮೀ. ಬೂದು ಪಿವಿಸಿ ಹಲಗೆ, ದಪ್ಪ ಸುಮಾರು 6 ಮಿ.ಮೀ. ಒಂದು ಮುಖವನ್ನು 80 ನಂಬರಿನ ಮರಳು ಕಾಗದದಿಂದ ಉಜ್ಜಿ ಒರಟು ಮಾಡಿ, ನುಣುಪಿಗೆ ಲಾರ್ವಾ ಸುಲಭವಾಗಿ ಹಿಡಿದುಕೊಳ್ಳುವುದಿಲ್ಲ. ನಾಲ್ಕು ಮೂಲೆಯಲ್ಲಿ ತೂತು ಕೊರೆದು, ಒರಟು ಮುಖ ಕೆಳಗೆ ಬರುವಂತೆ ಇಟ್ಟಿಗೆಯ ಅಡಿಗೆ ಕೇಬಲ್ ಟೈಯಿಂದ ಬಿಗಿಯಿರಿ. ಮುಖ ಕೆಳಗೇ ಏಕೆ? ಮೇಲ್ಮುಖವಾಗಿದ್ದರೆ ಕಾಳಿಯ ಹೂಳು ಕೂತು ಮರಿಗಳನ್ನು ಉಸಿರುಗಟ್ಟಿಸುತ್ತದೆ, ಬೆಳಕಿಗೆ ಪಾಚಿ ಹಬ್ಬುತ್ತದೆ. ಅಡಿಮುಖದ ನೆರಳು ಚಿಪ್ಪುಜೀವಿಗಳಿಗೂ ಅಸಿಡಿಯನ್‌ಗಳಿಗೂ ಹಿಡಿಸುತ್ತದೆ.

ಹಲಗೆಯ ಹಿಂಬದಿಗೆ ಸಂಖ್ಯೆ ಕೊರೆಯಿರಿ. ಮಾರ್ಕರ್ ಶಾಯಿ ಮೂರು ತಿಂಗಳು ಉಳಿಯದು. 8 ಮಿ.ಮೀ. ನೈಲಾನ್ ಹಗ್ಗದಲ್ಲಿ, ಅತಿ ಕಡಿಮೆ ಇಳಿತದಲ್ಲೂ ಹಲಗೆ ನೀರಿನ 1 ಮೀಟರ್ ಕೆಳಗಿರುವಂತೆ ಕಟ್ಟಬೇಕು. ಇಲ್ಲೇ ಹೆಚ್ಚಿನವರು ಎಡವುವುದು. ಹುಣ್ಣಿಮೆ, ಅಮಾವಾಸ್ಯೆಯಲ್ಲಿ ಇಲ್ಲಿ ನೀರು ಸುಮಾರು 2 ಮೀಟರ್ ಏರಿಳಿಯುತ್ತದೆ. ಉಬ್ಬರದ ಹೊತ್ತಿಗೆ ಬಂದು ‘ಒಂದು ಮೀಟರ್ ಆಳ’ ಎಂದು ಕಟ್ಟಿ ಹೋದರೆ, ಇಳಿತದಲ್ಲಿ ಹಲಗೆ ಬಿಸಿಲಿಗೆ ನೇತಾಡುತ್ತದೆ. ಬದುಕಿ ಉಳಿಯುವುದು ಬಾರ್ನಕಲ್ ಮಾತ್ರ, ಬಂದರಿನಲ್ಲಿ ಬೇರೇನೂ ಇಲ್ಲ ಎಂಬ ತಪ್ಪು ತೀರ್ಮಾನ ಹುಟ್ಟುತ್ತದೆ. ತೇಲುವ ಪಾಂಟೂನ್ ಸಿಕ್ಕಿದರೆ ಈ ತೊಂದರೆ ಇಲ್ಲ. ಹಾಗೆಯೇ ಹಲಗೆ ತಳದ ಕೆಸರಿನಿಂದ ಅರ್ಧ ಮೀಟರ್ ಮೇಲಿರಬೇಕು, ಇಲ್ಲದಿದ್ದರೆ ಏಡಿಗಳು ಹತ್ತಿ ತಿನ್ನುತ್ತವೆ.

ಜಾಗಕ್ಕೆ 10 ಹಲಗೆ, ಒಂದರಿಂದೊಂದು ಕನಿಷ್ಠ 1 ಮೀಟರ್ ದೂರ. ಮೊದಲ ತಂಡ ಅಕ್ಟೋಬರ್ ಮೊದಲ ವಾರ ಇಳಿದು ಜನವರಿಯಲ್ಲಿ ಮೇಲೆ ಬರಲಿ, ಎರಡನೆಯದು ಜನವರಿಯಿಂದ ಏಪ್ರಿಲ್. ಮೂರನೆಯದು ಮೇ ಕೊನೆಯಿಂದ ಆಗಸ್ಟ್ ಕೊನೆವರೆಗೆ, ಬಂದರಿನ ಒಳಗೆ ಮತ್ತು ನದಿಯಲ್ಲಿ ಮಾತ್ರ. ಜರಡಿ ದಾಟುವವರು ಯಾರು ಎಂದು ಹೇಳುವುದು ಈ ಮೂರನೆಯ ತಂಡ. ನದಿಯಲ್ಲಿ ನೆರೆ ಬಂದು ಹಲಗೆ ಕೊಚ್ಚಿಹೋಗುವುದುಂಟು, ಅಲ್ಲಿ 10ರ ಬದಲು 15 ಇಳಿಬಿಡಿ. ಹಗ್ಗ ಕಳುವಾಗುವುದಕ್ಕೂ ಬಲೆಗೆ ಸಿಕ್ಕಿಕೊಳ್ಳುವುದಕ್ಕೂ ಪರಿಹಾರ ಒಂದೇ: ಇಳಿಬಿಡುವ ಮೊದಲೇ ಧಕ್ಕೆಯ ದೋಣಿಯವರಿಗೆ ಹಲಗೆ ತೋರಿಸಿ ಏನು, ಏಕೆ ಎಂದು ಹೇಳುವುದು. ದೋಣಿ ಮೇಲೆಳೆದು ತಳ ಕೆರೆಯುವಾಗ ಸಿಗುವ ಚಿಪ್ಪುಗಳ ಬಗ್ಗೆ ಅವರಷ್ಟು ಬಲ್ಲವರಿಲ್ಲ. ‘ಈ ಚಿಪ್ಪು ಮೊದಲು ಇರಲಿಲ್ಲ’ ಎಂಬ ಅವರ ಮಾತನ್ನು ದಿನಾಂಕ ಸಮೇತ ಬರೆದುಕೊಳ್ಳಿ.

ಅನುಮತಿಯ ವಿಚಾರ ಚಿಕ್ಕದಲ್ಲ. ಬಂದರು ಇಲಾಖೆ, ಮೀನುಗಾರಿಕೆ ಇಲಾಖೆಗಳಿಂದ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಐಎನ್‌ಎಸ್ ಕದಂಬ ನೌಕಾನೆಲೆಯ ಸುತ್ತಲಿನ ನೀರು, ಅಂಜದೀವ ದ್ವೀಪ ನಿರ್ಬಂಧಿತ. ಅತ್ತ ದೋಣಿ ಒಯ್ಯುವುದೂ ಕ್ಯಾಮೆರಾ ತಿರುಗಿಸುವುದೂ ಬೇಡ. ಕಡಲಸೌತೆ, ಕಡಲಕುದುರೆ, ಹವಳಗಳು ವನ್ಯಜೀವಿ ಕಾಯ್ದೆಯಡಿ ರಕ್ಷಿತ, ಕಂಡರೆ ಚಿತ್ರ ತೆಗೆದು ಅಲ್ಲೇ ಬಿಡಬೇಕು.

ಮೇಲೆತ್ತಿದ ಹಲಗೆಯನ್ನು ಅದೇ ಜಾಗದ ನೀರು ತುಂಬಿದ ಬಕೆಟ್‌ನಲ್ಲಿ ನೆರಳಲ್ಲಿಟ್ಟು ಎರಡು ಗಂಟೆಯೊಳಗೆ ಚಿತ್ರ ತೆಗೆಯಿರಿ. ಅಸಿಡಿಯನ್, ಬ್ರಯೊಜೋವಾಗಳು ಬಾಯಿ ತೆರೆದಿರುವಾಗಲೇ ಗುರುತು ಸಿಗುವುದು. ಮದ್ಯಸಾರದಲ್ಲಿ ಮುಳುಗಿಸಿದರೆ ಬಣ್ಣ ಬಿಟ್ಟು ಮುದುಡುತ್ತವೆ. ಅವುಗಳನ್ನು ಸಂಗ್ರಹಿಸಲೇಬೇಕಾದರೆ ಮೊದಲು ಮೆಗ್ನೀಷಿಯಂ ಕ್ಲೋರೈಡ್ ದ್ರಾವಣದಲ್ಲಿ, ಲೀಟರ್ ಸಿಹಿನೀರಿಗೆ ಸುಮಾರು 75 ಗ್ರಾಂ ಹರಳು, ಅದರಷ್ಟೇ ಸಮುದ್ರದ ನೀರು ಬೆರೆಸಿ, ಮುಟ್ಟಿದರೂ ಮುದುಡದಷ್ಟು ಹೊತ್ತು ಬಿಡಬೇಕು. ಆಮೇಲೆ ಡಿಎನ್‌ಎಗಾಗಿ 95% ಎಥನಾಲ್. ಫಾರ್ಮಲಿನ್ ಡಿಎನ್‌ಎಯನ್ನು ಕೆಡಿಸುತ್ತದೆ, ವಿದ್ಯಾರ್ಥಿಗಳ ಕೈಗೆ ಕೊಡುವಂಥದ್ದೂ ಅಲ್ಲ.

ಲೆಕ್ಕಕ್ಕೆ ಪಾರದರ್ಶಕ ಹಾಳೆಯ ಮೇಲೆ 2 ಸೆಂ.ಮೀ. ಚೌಕಗಳ 7 × 7 ಜಾಲ ಬರೆದು ಹಲಗೆಯ ಮೇಲಿಡಿ. 49 ಚೌಕಗಳ ನಡುಬಿಂದು, ಜೊತೆಗೆ ಎಲ್ಲಾದರೂ ಒಂದು, ಒಟ್ಟು 50 ಬಿಂದು. ಪ್ರತಿ ಬಿಂದುವಿನ ಕೆಳಗೆ ಏನಿದೆಯೋ ಅದಕ್ಕೆ 2%. ಬಾರ್ನಕಲ್ ಮೇಲೆ ಅಸಿಡಿಯನ್ ಹಬ್ಬಿದ್ದರೆ ಎರಡನ್ನೂ ಬರೆಯಿರಿ, ಮೊತ್ತ 100 ದಾಟಿದರೆ ತಪ್ಪಲ್ಲ. ಬಿಂದುವಿಗೆ ಸಿಗದೆ ಉಳಿದ ಜೀವಿಗಳ ಹೆಸರನ್ನೂ ಬೇರೆ ಪಟ್ಟಿಯಲ್ಲಿ ಸೇರಿಸಬೇಕು. ಹೊಸದಾಗಿ ಬಂದದ್ದು ಯಾವಾಗಲೂ ಕಡಿಮೆ ಸಂಖ್ಯೆಯಲ್ಲಿರುತ್ತದೆ.

ಬಂಡೆಯ ಮೇಲೆ

ಹಲಗೆ ಹೊಸಬರನ್ನು ಹಿಡಿಯುತ್ತದೆ, ಹಳಬರ ಪಟ್ಟಿ ಬಂಡೆಯಲ್ಲಿದೆ. ಬೈತಖೋಲದ ಬಂಡೆಗಳು, ಮಾಜಾಳಿಯಾಚೆ ತಿಳ್ಮಾತಿ ಕಡೆಯ ಬಂಡೆಗಳು ಇದಕ್ಕೆ ತಕ್ಕವು. ಅರ್ಧ ಇಂಚು ಪಿವಿಸಿ ಕೊಳವೆಯಿಂದ ಒಳ ಅಳತೆ 50 × 50 ಸೆಂ.ಮೀ. ಇರುವ ಚೌಕಟ್ಟು ಮಾಡಿ, 10 ಸೆಂ.ಮೀ.ಗೊಂದು ದಾರ ಕಟ್ಟಿದರೆ 25 ಮನೆಗಳು, ಮನೆಗೆ 4%. ಕೊಳವೆಗೆ ತೂತು ಹಾಕಿ, ಇಲ್ಲದಿದ್ದರೆ ನೀರಲ್ಲಿ ತೇಲುತ್ತದೆ. ಉಬ್ಬರ–ಇಳಿತದ ಪಟ್ಟಿ ನೋಡಿ ಇಳಿತಕ್ಕೆ ಒಂದೂವರೆ ಗಂಟೆ ಮೊದಲು ತಲುಪಿ, ನೀರು ತಿರುಗಿದ ಅರ್ಧ ಗಂಟೆಯೊಳಗೆ ಮೇಲೆ ಬನ್ನಿ. ಕಲ್ಗದ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಚಪ್ಪಲಿ ಸಾಲದು, ದಪ್ಪ ಅಡಿಯ ಬೂಟು ಬೇಕು.

ಮೇಲಿನ ಪಟ್ಟಿಯಲ್ಲಿ ಚಿಕ್ಕ ಶಂಖುಗಳು, ನಡುವೆ ಬಾರ್ನಕಲ್ ಮತ್ತು ಕಲ್ಗ, ಕೆಳಗೆ ಕಡಲಪಾಚಿ, ಹವಳದ ನೆಂಟರಾದ ಜೋವಾಂಥಿಡ್‌ಗಳು, ಪಚ್ಚಿಲೆ. ಪ್ರತಿ ಪಟ್ಟಿಯಲ್ಲೂ ಕನಿಷ್ಠ 5 ಚೌಕ, ಸಾಧ್ಯವಾದರೆ 10. ಎಲ್ಲಿ ಇಡಬೇಕೆಂದು ಯಾದೃಚ್ಛಿಕ ಸಂಖ್ಯೆ ಹೇಳಲಿ, ಕಣ್ಣಲ್ಲ. ಕಣ್ಣು ಯಾವಾಗಲೂ ಜೀವಿ ತುಂಬಿದ ಜಾಗಕ್ಕೇ ಹೋಗುತ್ತದೆ. ಕೆಲಸ ಶುರುವಾಗುವ ಮೊದಲು ಎಲ್ಲರೂ ಅದೇ ಮೂರು ಚೌಕಗಳನ್ನು ಬೇರೆಬೇರೆಯಾಗಿ ಎಣಿಸಿ ಹೋಲಿಸಿ. ಒಬ್ಬರು 40% ಬರೆದದ್ದನ್ನು ಇನ್ನೊಬ್ಬರು 65% ಬರೆದರೆ, ಮುಂದೆ ಕಾಣುವ ವ್ಯತ್ಯಾಸ ಕಡಲಿನದೋ ವಿದ್ಯಾರ್ಥಿಗಳದೋ ತಿಳಿಯದು. ಕಲ್ಲು ಮಗುಚಿದರೆ ಹಿಂದಿದ್ದಂತೆ ಇಡಿ, ಅಡಿಯಲ್ಲಿರುವವು ಬಿಸಿಲಿಗೆ ಸಾಯುತ್ತವೆ.

ಅಂಕಿಗಳು ಏನು ಹೇಳುತ್ತವೆ

ಲೆಕ್ಕ ತಿಳಿಯಲು ಎರಡು ಹಲಗೆ ಕಲ್ಪಿಸಿಕೊಳ್ಳಿ. ಎರಡರಲ್ಲೂ 40 ಬಿಂದುಗಳಲ್ಲಿ ಜೀವಿಗಳಿವೆ, ಎರಡರಲ್ಲೂ ಮೂರೇ ಜಾತಿ. ಮೊದಲನೆಯದರಲ್ಲಿ 20, 10, 10. ಎರಡನೆಯದರಲ್ಲಿ 36, 2, 2. ಜಾತಿಗಳ ಎಣಿಕೆಯಲ್ಲಿ ಇವು ಸಮ. ಪ್ರತಿ ಜಾತಿಯ ಪಾಲನ್ನು ಆ ಪಾಲಿನ ನ್ಯಾಚುರಲ್ ಲಾಗರಿದಮ್‌ನಿಂದ ಗುಣಿಸಿ, ಎಲ್ಲ ಕೂಡಿಸಿ, ಋಣಚಿಹ್ನೆ ತೆಗೆದರೆ ವೈವಿಧ್ಯ ಅಳೆಯುವ ಶಾನನ್ ಸೂಚ್ಯಂಕ ಬರುತ್ತದೆ. ಮೊದಲನೆಯದಕ್ಕೆ 1.04, ಎರಡನೆಯದಕ್ಕೆ 0.39. ಒಂದೇ ಜೀವಿ ಜಾಗವೆಲ್ಲ ಆಕ್ರಮಿಸಿದ್ದು ಹೀಗೆ ಅಂಕಿಯಲ್ಲಿ ಕಾಣುತ್ತದೆ. ಆದರೆ ಈ ಸೂಚ್ಯಂಕಕ್ಕೆ ಊರಿನವರು, ಹೊರಗಿನವರು ಎಂಬ ಭೇದ ಗೊತ್ತಿಲ್ಲ. ಅನ್ಯ ಜೀವಿ ಹೊಸದಾಗಿ ಬಂದಾಗ ಅದು ಮೊದಮೊದಲು ಏರುವುದೂ ಉಂಟು. ಸೂಚ್ಯಂಕ ಏರಿತೆಂದು ಕೊಲ್ಲಿ ಆರೋಗ್ಯವಾಗಿದೆ ಎಂದು ಬರೆಯಬಾರದು, ಜಾತಿಗಳ ಪಟ್ಟಿಯ ಜೊತೆಗಿಟ್ಟೇ ಓದಬೇಕು.

ಇದಕ್ಕಿಂತ ಬೆಲೆಬಾಳುವ ಅಂಕಿ ಸೊನ್ನೆ. ‘ಹುಡುಕಿದೆವು, ಸಿಗಲಿಲ್ಲ’ ಎಂಬ ದಾಖಲೆ ಇಲ್ಲದಿದ್ದರೆ ಮುಂದೊಂದು ದಿನ ಮೈಟೆಲ್ಲಾ ಸಿಕ್ಕಾಗ ಅದು ನಿನ್ನೆ ಬಂದದ್ದೋ ಹತ್ತು ವರ್ಷದಿಂದ ಇದ್ದದ್ದೋ ಯಾರೂ ಹೇಳಲಾರರು. ಆದರೆ ಸೊನ್ನೆಗೂ ತೂಕವಿದೆ. ಒಂದು ಜೀವಿ 100ರಲ್ಲಿ 5 ಹಲಗೆಗಳ ಮೇಲೆ ಕೂರುವಷ್ಟು ವಿರಳವಾಗಿದೆ ಎನ್ನಿ. 10 ಹಲಗೆ ನೋಡಿದರೆ ಅದು ಒಂದರಲ್ಲೂ ಸಿಗದಿರುವ ಸಂಭವ 0.95ನ್ನು ಹತ್ತು ಸಲ ಗುಣಿಸಿದಷ್ಟು, ಅಂದರೆ ಸುಮಾರು 60%. ಇದ್ದೂ ಕಾಣದಿರುವುದೇ ಹೆಚ್ಚು. ಆ ಸಂಭವ 5%ಕ್ಕಿಂತ ಕೆಳಗಿಳಿಯಲು 59 ಹಲಗೆ ಬೇಕು. ಅದೇ ಜೀವಿ 100ರಲ್ಲಿ 20 ಹಲಗೆ ಹಿಡಿಯುವಷ್ಟಾದರೆ 14 ಸಾಕು. ಹಾಗಾಗಿ ವರದಿಯಲ್ಲಿ ‘ಇಲ್ಲ’ ಎಂದಷ್ಟೇ ಬರೆಯದೆ ‘30 ಹಲಗೆಗಳಲ್ಲಿ ಇಲ್ಲ’ ಎಂದು ಬರೆಯಿರಿ.

ಹಳೆಯ ಪಟ್ಟಿಗಳ ಜೊತೆ ಹೋಲಿಸುವಾಗ ಹೆಸರಿನ ಬಲೆಗೆ ಬೀಳುವುದು ಸಾಮಾನ್ಯ. ಬ್ಯಾಲನಸ್ ಆಂಫಿಟ್ರೈಟ್ ಎಂದು ಹಳಬರು ಬರೆದದ್ದೇ ಇಂದಿನ ಆಂಫಿಬ್ಯಾಲನಸ್ ಆಂಫಿಟ್ರೈಟ್. ಮೈಟೆಲ್ಲಾ ಚಾರುವಾನಾ ಎಂದರೂ ಮೈಟೆಲ್ಲಾ ಸ್ಟ್ರೈಗೇಟಾ ಎಂದರೂ ಒಂದೇ. ಇದು ತಿಳಿಯದೆ ಹೋಲಿಸಿದರೆ ಒಂದು ಜಾತಿ ಅಳಿಯಿತು, ಹೊಸದೊಂದು ಬಂತು ಎಂಬ ಇಲ್ಲದ ಸುದ್ದಿ ಸಿದ್ಧವಾಗುತ್ತದೆ. ಸಮುದ್ರ ಜೀವಿಗಳ ಜಾಗತಿಕ ಹೆಸರಿನ ಪಟ್ಟಿ ಅಂತರ್ಜಾಲದಲ್ಲಿ ಉಚಿತವಾಗಿದೆ, ಪ್ರತಿ ಹೆಸರನ್ನೂ ಅದರಲ್ಲಿ ಹಾಕಿ ನೋಡಿ.

ಅನುಮಾನದ ಜೀವಿ ಸಿಕ್ಕರೆ

ಅಲ್ಲೇ ಕೆರೆದು ನೀರಿಗೆ ಎಸೆಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಬಿದ್ದ ಚಿಪ್ಪುಜೀವಿ ಬದುಕಿಕೊಳ್ಳಬಹುದು, ಮೊಟ್ಟೆ ಬಿಡಬಹುದು, ಗುಂಪಾಗಿ ಬೆಳೆಯುವ ಅಸಿಡಿಯನ್ನಿನ ಒಂದು ತುಣುಕು ಹೊಸ ಗುಂಪಾಗುತ್ತದೆ. ಬಳಸಿದ ಹಲಗೆ, ಹಗ್ಗಗಳನ್ನು ಬೈತಖೋಲದಿಂದ ತೆಗೆದು ನೇರ ಕೋಡಿಬಾಗದಲ್ಲಿ ಇಳಿಬಿಟ್ಟರೆ ಹರಡುವವರು ನಾವೇ ಆಗುತ್ತೇವೆ. ಸಿಹಿನೀರಲ್ಲಿ ತೊಳೆದರೆ ಸಾಲದು, ಮೈಟಿಲಾಪ್ಸಿಸ್ ಸಿಹಿನೀರಿಗೆ ಹೆದರುವುದಿಲ್ಲ. ಕುದಿಯುವ ನೀರು ಸುರಿದು, ಬಿಸಿಲಲ್ಲಿ ಪೂರ್ತಿ ಒಣಗುವವರೆಗೆ ಹಲವು ದಿನ ಬಿಡಿ. ಕೆರೆದ ಕಸವನ್ನು ನೆಲದಲ್ಲಿ ಒಣಗಿಸಿ ಹೂಳಿ.

ಅನುಮಾನದ ಜೀವಿಯ ಚಿತ್ರ ಐದು ಬೇಕು: ಇದ್ದ ಜಾಗದಲ್ಲಿ, ಹೊರಮೈ ಎರಡೂ ಬದಿ, ಒಳಮೈ, ಕೊಕ್ಕಿನ ಹತ್ತಿರದ ನೋಟ, ಎಲ್ಲದರಲ್ಲೂ ಅಳತೆಪಟ್ಟಿ. ಮೂರರಿಂದ ಐದು ಮಾದರಿಗಳನ್ನು ಎಥನಾಲ್‌ನಲ್ಲಿಟ್ಟು, ದಿನಾಂಕ, ಜಿಪಿಎಸ್, ಆಳ, ಉಪ್ಪಿನಂಶ, ಹಿಡಿದಿದ್ದ ವಸ್ತು, ಸುತ್ತ ಎಷ್ಟಿದ್ದವು ಎಂಬುದನ್ನು ಬರೆದು ತಜ್ಞರಿಗೆ ತಲುಪಿಸಿ. ಅವರು ಖಚಿತಪಡಿಸುವವರೆಗೆ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇರಲಿ, ಪತ್ರಿಕೆಗೆ ಸುದ್ದಿ ಕೊಡಬೇಡಿ. ಖಚಿತವಾದ ಮೇಲೆ ಗ್ರಾಮ ಪಂಚಾಯತಿಯ ಅಥವಾ ನಗರಸಭೆಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಒಂದು ಪ್ರತಿ ಕೊಟ್ಟರೆ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಅದು ಸೇರಬಹುದು.

ಚೀಟಿಯನ್ನು ಶೀಶೆಯ ಹೊರಗೆ ಅಂಟಿಸಬೇಡಿ, ಒಳಗೆ ಹಾಕಿ. ದಪ್ಪ ಕಾಗದದ ಮೇಲೆ ಪೆನ್ಸಿಲಿನಲ್ಲೇ ಬರೆಯಬೇಕು. ಪೆನ್ನಿನ ಶಾಯಿ ಎಥನಾಲ್‌ನಲ್ಲಿ ಒಂದು ರಾತ್ರಿಗೆ ಕರಗಿಹೋಗುತ್ತದೆ, ಎಲ್ಲಿ ಯಾವಾಗ ಸಿಕ್ಕಿತೆಂದು ತಿಳಿಯದ ಚಿಪ್ಪು ಯಾವ ತಜ್ಞರಿಗೂ ಉಪಯೋಗಕ್ಕೆ ಬಾರದು.